ಕೂಡುವುದು ಮೊದಲು, ಕಳೆಯುವುದು ಆಮೇಲೆ

ನನ್ನ ಮಗಳಿಗೆ ಹತ್ತು ವರ್ಷ. ಅವಳಿಗೆ ಲೆಕ್ಕ ಚೆನ್ನಾಗಿಯೇ ಬರುತ್ತಿತ್ತು. ಅದನ್ನು ಕೆಡಿಸಿದವನು ನಾನು. ಸುತ್ತಿ ಬಳಸಿ ಹೇಳಿದರೆ ನನ್ನ ಪರವಾಗಿ ಏನಾದರೂ ಸೇರಿಸಿಬಿಡುತ್ತೇನೆ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ನಾನು ಅಶ್ವತ್ಥ, ಅರಸೀಕೆರೆ ಕಡೆಯವನು, ಬ್ಯಾಂಕಿನಲ್ಲಿ ಅಧಿಕಾರಿ. ವಿಜಯವಾಡಕ್ಕೆ ವರ್ಗವಾಗಿ ಬಂದವನು ಅಲ್ಲಿಯವಳೇ ಆದ ಕನಕದುರ್ಗಳನ್ನು ಮದುವೆಯಾದೆ. ಎರಡು ವರ್ಷದ ಹಿಂದೆ ನನ್ನನ್ನು ವಿಶಾಖಪಟ್ಟಣದ ದ್ವಾರಕಾ ನಗರ ಶಾಖೆಗೆ ಎತ್ತಿಹಾಕಿದರು. ಹೆಂಡತಿ, ಮಗಳು ಹಿಮಬಿಂದು ವಿಜಯವಾಡದ ಭವಾನಿಪುರಂನಲ್ಲೇ ಉಳಿದರು. ಎರಡನೇ, ನಾಲ್ಕನೇ ಶನಿವಾರದ ರಜೆಗೆ ನಾನು ರೈಲು ಹತ್ತಿ ಬರುತ್ತೇನೆ. ಬಿಂದು ನಗುವುದು, ಜಗಳವಾಡುವುದು ಎಲ್ಲ ತೆಲುಗಿನಲ್ಲಿ. ನನ್ನ ಜೊತೆ ಮಾತ್ರ ಕನ್ನಡ, ಅದೂ ಪದ ಹುಡುಕಿ ಹುಡುಕಿ. ಹದಿನೈದು ದಿನಕ್ಕೊಮ್ಮೆ ಮುಖ ತೋರಿಸುವ ಅಪ್ಪ ಯಾವುದಕ್ಕಾದರೂ ಬೇಕಾಗಬೇಕಲ್ಲ. ನಾನು ಲೆಕ್ಕ ಹಿಡಿದುಕೊಂಡೆ.

ವಸತಿ ಶಾಲೆಯೊಂದಕ್ಕೆ ಆರನೇ ತರಗತಿಯ ಪ್ರವೇಶ ಪರೀಕ್ಷೆ ಇತ್ತು. ಆ ಶಾಲೆಯಲ್ಲಿ ಕುದುರೆ ಸವಾರಿ ಕಲಿಸುತ್ತಾರೆ. ಬಿಂದುವಿಗೆ ಕುದುರೆಯ ಹುಚ್ಚು, ವರ್ಷದಿಂದ ಅದೇ ಜಪ. ಹುಡುಗಿಯರಿಗೆ ಇದ್ದದ್ದು ಹತ್ತೇ ಸೀಟು.

ಒಂದು ಶನಿವಾರ ಹಳೆಯ ಪಾಠಗಳನ್ನೆಲ್ಲ ತಿರುವಿಹಾಕಿಸಲು ಅವಳನ್ನು ಕೂರಿಸಿಕೊಂಡೆ. ಪರೀಕ್ಷೆಗೆ ಇನ್ನೂ ಒಂದು ತಿಂಗಳಿತ್ತು. 30 − 12 + 8 ಎಂದು ಬರೆದುಕೊಟ್ಟೆ. ಅವಳು 26 ಎಂದು ಬರೆದಳು.

"ತಪ್ಪು. ಹತ್ತು ಬರಬೇಕು. ಬೋಡ್‌ಮಾಸ್‌ ನಿಯಮದಲ್ಲಿ ಕೂಡೋದು ಮೊದಲು, ಕಳೆಯೋದು ಆಮೇಲೆ. ಹನ್ನೆರಡೂ ಎಂಟೂ ಇಪ್ಪತ್ತು. ಮೂವತ್ತರಲ್ಲಿ ಇಪ್ಪತ್ತು ಹೋದ್ರೆ?"

"ಹತ್ತು. ಆದ್ರೆ ಅಪ್ಪಾ, ಎಡಗಡೆಯಿಂದ ಯಾವ್ದು ಮೊದ್ಲು ಬರುತ್ತೋ ಅದನ್ನೇ ಮಾಡು ಅಂತ ಹಾರಿಕಾ ಅಕ್ಕ ಹೇಳಿದ್ರು."

ಹಾರಿಕಾ ಕೆಳಗಿನ ಮನೆಯ ಹುಡುಗಿ. ಬಿ.ಎಡ್. ಓದುತ್ತ ಐದಾರು ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದಳು. ನನಗೆ ಸಿಟ್ಟು ನೆತ್ತಿಗೇರಿತು. ನಮ್ಮ ಮೇಷ್ಟ್ರು ಬೆತ್ತ ಹಿಡಿದು ಬಾಯಿಪಾಠ ಮಾಡಿಸಿದ್ದನ್ನು ನಿನ್ನೆ ಮೊನ್ನೆಯ ಹುಡುಗಿ ಸುಳ್ಳು ಮಾಡುವುದೇ? ಪುಸ್ತಕ ಹಿಡಿದು ದಡದಡ ಕೆಳಗಿಳಿದು, ಮಕ್ಕಳೆದುರಿಗೇ ಅವಳನ್ನು ತರಾಟೆಗೆ ತೆಗೆದುಕೊಂಡೆ. "ಅಂಕಲ್, ಒಂದು ನಿಮಿಷ ಕೂತ್ಕೊಳ್ಳಿ, ಪಠ್ಯಪುಸ್ತಕದಲ್ಲೇ ತೋರಿಸ್ತೀನಿ," ಎಂದು ಅವಳು ತೆಲುಗಿನಲ್ಲಿ ಮೆಲ್ಲಗೆ ಹೇಳಿದಳು. ನಾನು ಕೂರಲಿಲ್ಲ. ಬಿಂದುವಿನ ಟ್ಯೂಷನ್ ಅವತ್ತಿಗೇ ಬಿಡಿಸಿದೆ.

"ಏವಂಡಿ, ಆ ಹುಡುಗಿ ಕಣ್ಣಲ್ಲಿ ನೀರು ಬಂತು. ಅಷ್ಟು ಕೂಗಾಡ್ಬೇಕಿತ್ತಾ?" ಎಂದಳು ಕನಕದುರ್ಗ. ಬ್ಯಾಂಕಿನವನಿಗೆ ಲೆಕ್ಕ ಹೇಳಿಕೊಡಲು ಬರಬೇಡ ಎಂದು ಅವಳ ಬಾಯಿಯನ್ನೂ ಮುಚ್ಚಿಸಿದೆ.

ಅಲ್ಲಿಂದ ದಿನಾ ಸಂಜೆ ಫೋನಿನ ವಿಡಿಯೋ ಕಾಲ್‌ನಲ್ಲಿ ಹತ್ತು ಲೆಕ್ಕ. ಮೊದಲ ವಾರ ಬಿಂದು ತಡವರಿಸಿದಳು. ಆಮೇಲೆ ನನ್ನ ದಾರಿಗೆ ಬಂದಳು. ಹತ್ತಕ್ಕೆ ಹತ್ತು ಎಂದು ನಾನು ಹೇಳಿದಾಗ ಅವಳ ಮುಖ ಅರಳುತ್ತಿತ್ತು.

ಪರೀಕ್ಷೆ ಭಾನುವಾರ. ಅದರ ಹಿಂದಿನ ಸೋಮವಾರ ಊಟದ ಹೊತ್ತಿನಲ್ಲಿ ನಮ್ಮ ಗುಮಾಸ್ತ ಬಾಬ್ಜಿ ಬಡ್ತಿ ಪರೀಕ್ಷೆಗೆ ಅಭ್ಯಾಸ ಮಾಡುತ್ತಿದ್ದ. 40 − 15 + 5 ಎಂಬಲ್ಲಿ 30 ಎಂದು ಬರೆದಿದ್ದ. ನನಗೆ ಸುಮ್ಮನಿರಲು ಆಗುತ್ತದೆಯೇ? "ಏನ್ರೀ ಬಾಬ್ಜಿ, ಇಷ್ಟೂ ಬರಲ್ವಾ? ಇಪ್ಪತ್ತು," ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಅವನು ಮೊಬೈಲಿನಲ್ಲಿ ಒತ್ತಿ ತೋರಿಸಿದ. ಮೂವತ್ತು. "ಕೂಡೋದು, ಕಳೆಯೋದು ಎರಡಕ್ಕೂ ಒಂದೇ ಮರ್ಯಾದೆ ಸಾರ್. ಎಡಗಡೆಯಿಂದ ಯಾವುದು ಮೊದಲು ಸಿಕ್ಕಿದರೆ ಅದು," ಎಂದ.

ನಾನು ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ನನ್ನ ಫೋನಿನಲ್ಲಿ 30 − 12 + 8 ಒತ್ತಿದೆ. 26. ಮತ್ತೆ ಒತ್ತಿದೆ. ಆಗಲೂ 26.

ಅವತ್ತೇ ಸಂಜೆ ಹೇಳಬೇಕಿತ್ತು. ನಾನು ಹೇಳಿಕೊಟ್ಟಿದ್ದು ತಪ್ಪು, ಹಾರಿಕಾ ಅಕ್ಕ ಹೇಳಿದ್ದು ಸರಿ. ಇಷ್ಟೇ. ಆದರೆ ಹಾಗೆಂದ ಮೇಲೆ ಕೆಳಗಿಳಿದು ಹಾರಿಕಾಳ ಮುಂದೆ ನಿಲ್ಲಬೇಕು, ಹೆಂಡತಿಯ ಮುಖ ನೋಡಬೇಕು. ಇವತ್ತು ಭಾಗಾಕಾರ ಮಾಡು, ಇವತ್ತು ಮಗ್ಗಿ ಹೇಳು ಎಂದು ದಿನ ತಳ್ಳಿದೆ. ಶನಿವಾರ ಮನೆಯಲ್ಲೇ ಇದ್ದೆ. ಪರೀಕ್ಷೆಯ ಹಿಂದಿನ ದಿನ ಮಗುವಿಗೆ ಗಲಿಬಿಲಿ ಮಾಡಬಾರದೆಂದು ನನಗೆ ನಾನೇ ಹೇಳಿಕೊಂಡೆ. ಅದು ಶುದ್ಧ ಸುಳ್ಳು. ಮಗಳಿಗಿಂತ ನನ್ನ ಮುಖವೇ ನನಗೆ ದೊಡ್ಡದಾಗಿತ್ತು.

ಪರೀಕ್ಷೆ ಮುಗಿದಾಗ ಕೇಂದ್ರದ ಗೇಟಿನ ಹತ್ತಿರ ಹಾರಿಕಾಳೂ ನಿಂತಿದ್ದಳು, ಅವಳ ಟ್ಯೂಷನ್ನಿನ ಮೂವರು ಮಕ್ಕಳು ಬರೆದಿದ್ದರು. ಬಿಂದು ಓಡಿಬಂದಳು.

"ಅಪ್ಪಾ, ಆ ಥರದ್ದು ನಾಲ್ಕು ಬಂದಿತ್ತು. ನಾಲ್ಕೂ ನೀವು ಹೇಳಿದ ಹಾಗೇ ಮಾಡ್ದೆ. ಕೊಟ್ಟಿದ್ದ ಉತ್ತರಗಳಲ್ಲಿ ನಂದೂ ಇತ್ತು."

ಆ ಮೂವರಲ್ಲಿ ಒಬ್ಬ, ಸಾಯಿಕಿರಣ್, ತನ್ನ ಉತ್ತರಗಳನ್ನು ಹೇಳಿದ. ನಾಲ್ಕೂ ಬೇರೆ. "ನಿಂದು ತಪ್ಪು. ನಮ್ಮಪ್ಪ ಬ್ಯಾಂಕಲ್ಲಿದಾರೆ," ಎಂದು ಬಿಂದು ತೆಲುಗಿನಲ್ಲಿ ವಾದಕ್ಕೆ ನಿಂತಳು. ಹಾರಿಕಾ ನನ್ನ ಕಡೆ ನೋಡಿ, "ಆಗಿದ್ದಾಯ್ತು, ಈಗ ಬಿಡಿ, ಮನೆಗೆ ಹೋಗೋಣ," ಎಂದು ಮಕ್ಕಳಿಗೆ ಹೇಳಿದಳು. ಅವಳು ನನ್ನ ಮಾನ ಉಳಿಸಲು ನೋಡುತ್ತಿದ್ದಳು. ಅದನ್ನು ನನ್ನಿಂದ ಸಹಿಸಲಾಗಲಿಲ್ಲ.

"ಸಾಯಿಕಿರಣ್ ಹೇಳಿದ್ದೇ ಸರಿ ಬಿಂದು. ನಾನು ತಪ್ಪು ಹೇಳಿಕೊಟ್ಟಿದ್ದೆ," ಎಂದೆ. ಹಾರಿಕಾಳಿಗೂ ಕೈಮುಗಿದೆ.

ಬಿಂದು ಅಳುತ್ತಾಳೆಂದು ಕಾದೆ. ಅಳಲಿಲ್ಲ.

"ನಿಮಗೆ ಯಾವಾಗ ಗೊತ್ತಾಯ್ತು?" ಎಂದಳು.

ಈಗ ತಾನೇ ಎನ್ನಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು.

"ಸೋಮವಾರ," ಎಂದೆ.

ಅವಳು ಬೆರಳು ಮಡಿಸುತ್ತ ಎಣಿಸಿದಳು. "ಶುಕ್ರವಾರದವರೆಗೆ ಫೋನಲ್ಲಿ ಐದು ಸಲ ಮಾತಾಡಿದ್ರಿ. ನಿನ್ನೆ ಮನೇಲಿ ಒಂದು. ಒಟ್ಟು ಆರು." ಹೋಗಿ ಹಾರಿಕಾಳ ಕೈ ಹಿಡಿದುಕೊಂಡಳು.