ಆಬಿದಾ ಕೇಳಿದ ಪ್ರಶ್ನೆ

ಯಾರೋ ಹಿಂದೆ ಕೆಮ್ಮಿದರು, ಅಬ್ಬ, ಈ ಪಾಲೋ ಆಲ್ಟೋದವರು ಸಭಾಂಗಣವನ್ನು ಯಾವಾಗಲೂ ಹೀಗೇ ಕೊರೆಯುವಂತೆ ತಣ್ಣಗಿಡುತ್ತಾರೆ, ಶಾಲು ಕಾರಿನಲ್ಲೇ ಉಳಿಯಿತು, ಮುಂದಿನ ಸಾಲಿನಲ್ಲಿ ಕೂರಬಾರದಿತ್ತು ಆಬಿದಾ, ಆದರೆ ಹಂಸಾ ತಾನೇ ಬಂದು ಕೈಹಿಡಿದು ಕೂರಿಸಿದಳಲ್ಲ, ಮೇಡಂ, ನೀವು ಇಲ್ಲೇ ಕೂತ್ಕೋಬೇಕು, ನೀವು ಕಾಣಿಸ್ತಿದ್ರೆ ನಂಗೆ ಧೈರ್ಯ — ಧೈರ್ಯ ಅಂತೆ, ಕಲಿಸಿದವಳ ಇಷ್ಟು ವರ್ಷಗಳ ಕೆಲಸವನ್ನು ಅವಳ ಕಣ್ಣೆದುರೇ ಕೆಡವುವುದಕ್ಕೆ ಧೈರ್ಯ. ಈಗ ವೇದಿಕೆಯ ಮೇಲೆ ತನ್ನ ಸಂಶೋಧನೆ ವಿವರಿಸುತ್ತಿದ್ದಾಳೆ, ಕೂದಲು ಕೂಡ ನೆಟ್ಟಗೆ ಬಾಚಿಲ್ಲ, ಇದೇ ಹುಡುಗಿ ಆಬಿದಾಳ ಲ್ಯಾಬಿಗೆ ಬಂದ ಮೊದಲ ವಾರ ಇಲಿ ಹಿಡಿಯಲು ಹೆದರಿ ಅತ್ತಿದ್ದಳು, ಹೀಗೆ, ಕತ್ತಿನ ಹಿಂದೆ, ಮೆತ್ತಗೆ, ಎಂದು ಬೆರಳು ಹಿಡಿದು ಕಲಿಸಿದ್ದು ಯಾರು? ವೋಲ್ ಎನ್ನುವ ಹುಲ್ಲುಗಾವಲಿನ ಇಲಿಗಳು, ಒಮ್ಮೆ ಜೋಡಿಯಾದರೆ ಸಾಯುವವರೆಗೆ ಒಂದನ್ನೊಂದು ಬಿಡದವು, ಯಾಕೆ ಬಿಡವು ಎಂಬುದಕ್ಕೆ ಆಬಿದಾ ಕೊಟ್ಟ ಉತ್ತರ ಮಿದುಳಿನ ಒಂದೇ ಒಂದು ರಿಸೆಪ್ಟರು, ನರಕೋಶದ ಮೈಮೇಲಿನ ಪುಟ್ಟ ಬಾಗಿಲು, ಔಷಧಿ ಕೊಟ್ಟು ಅದನ್ನು ಮುಚ್ಚಿದರೆ ಇಲಿ ತನ್ನ ಜೋಡಿಯನ್ನು ದಾಟಿಕೊಂಡು ಯಾರೋ ಎಂಬಂತೆ ಹೋಗಿಬಿಡುತ್ತಿತ್ತು, ಆ ರಿಸೆಪ್ಟರೆಂದರೆ ಆಬಿದಾ, ಆಬಿದಾ ಎಂದರೆ ಆ ರಿಸೆಪ್ಟರು — ಈಗ ಹಂಸಾ ಜೀನ್ ತಿದ್ದಿ ಆ ರಿಸೆಪ್ಟರೇ ಇಲ್ಲದ ಇಲಿಗಳನ್ನು ಹುಟ್ಟಿಸಿದ್ದಾಳೆ, ಅವೂ ಜೋಡಿಯಾಗಿವೆ, ನೋಡು, ಪರದೆಯ ಮೇಲೆ ಮೈಗೆ ಮೈ ಒತ್ತಿ ಮಲಗಿವೆ, ಏನೂ ಕಳೆದುಕೊಂಡಿಲ್ಲವೆಂಬಂತೆ.

ಖುಷಿಪಡು ಆಬಿದಾ, ನೀನು ಬೆಳೆಸಿದ ಹುಡುಗಿ ಅಲ್ವಾ, ಎಂದಿದ್ದ ಅನ್ವರ್ ಬೆಳಿಗ್ಗೆ ಫ್ರೀವೇಯಲ್ಲಿ ಕಾರು ಓಡಿಸುತ್ತಾ, ಗಂಡನಿಗೇನು, ಅವನು ಮಾಡುವ ಕಂಪ್ಯೂಟರ್ ಚಿಪ್ ಹಳತಾದರೆ ಕಂಪನಿ ಹೊಸದನ್ನು ಮಾಡುತ್ತದೆ, ಇವಳು ಹಳತಾದರೆ? ಆದರೆ ಕೈಯಲ್ಲಿ ಪ್ರಶ್ನೆಯಿದೆ, ಮನೆ ಹತ್ತಿರದ ಡಬ್ಲಿನ್ನಿನ ಗ್ರಾಸರಿ ಅಂಗಡಿಯಲ್ಲಿ ಬೆಂಡೆಕಾಯಿ ಆರಿಸುವಾಗ ಹೊಳೆದದ್ದು, ಹಂಸಾಗೆ ಅಂದೇ ಫೋನು ಮಾಡಬಹುದಿತ್ತು, ಮಾಡಲಿಲ್ಲ, ಇಲ್ಲಿಗೆಂದೇ ಇಟ್ಟುಕೊಂಡಳು, ಎಲ್ಲರೆದುರಿಗೆ. ಕೈಯೆತ್ತಿದಳು, ಮೈಕು ಬಂತು, ಆ ಬಾಗಿಲಿಲ್ಲದೆಯೇ ಹುಟ್ಟಿದ ಮರಿಗಳಲ್ಲಿ ಪಕ್ಕದ ಇನ್ನೊಂದು ರಿಸೆಪ್ಟರು ಅದರ ಕೆಲಸ ವಹಿಸಿಕೊಂಡಿಲ್ಲವೆಂದು ಹೇಗೆ ಗೊತ್ತು, ಪರೀಕ್ಷಿಸಿದ್ದೀರಾ? ಹಂಸಾ ಪರದೆಯತ್ತ ತಿರುಗಿದಳು, ಮತ್ತೆ ಇತ್ತ ನೋಡಿದಳು, ಸಿಕ್ಕಿಬಿದ್ದಳು, ಎಂದುಕೊಂಡಳು ಆಬಿದಾ, ಎಷ್ಟು ಸಿಹಿ, ಎಷ್ಟು —

ಇಲ್ಲ ಮೇಡಂ, ಎಂದಳು ಹಂಸಾ, ಅಷ್ಟು ಜನರ ನಡುವೆ ಇಂಗ್ಲಿಷು ಮರೆತು, ಗೊತ್ತಿಲ್ಲ, ಅಯ್ಯೋ, ಇದನ್ನ ನಾವು ನೋಡೇ ಇಲ್ಲ, ಒಂದ್ನಿಮಿಷ, ತಡೀರಿ — ಮುಖವೆಲ್ಲ ಬೆಳಗಿತು, ಇದೇನು, ಸೋತವರ ಮುಖ ಹೀಗಿರುತ್ತದೆಯೇ, ಯಾರದೋ ಪೆನ್ನು ಕಿತ್ತುಕೊಂಡು ತನ್ನ ಅಂಗೈ ಮೇಲೆಯೇ ಗೀಚುತ್ತಿದ್ದಾಳೆ, ಗೊತ್ತಿಲ್ಲ ಎಂದು ಆಬಿದಾ ಕೊನೆಯ ಸಲ ಹೇಳಿದ್ದು ಯಾವಾಗ, ಯಾರ ಮುಂದೆ, ನೆನಪಿಲ್ಲ, ಎಷ್ಟೋ ಕಾಲದಿಂದ ಬರೀ ಉತ್ತರಗಳು, ಬೇಡ, ಅವಳ ಇಲಿ ಬೇಡ, ಹೆಸರು ಬೇಡ, ಈಗ ಏಳುತ್ತಿರುವ ಈ ಚಪ್ಪಾಳೆಯೂ ಅವಳಿಗೇ ಇರಲಿ, ಅದು ಬೇಕು, ಗೊತ್ತಿಲ್ಲ ಎನ್ನುತ್ತಲೇ ಮುಖ ಬೆಳಗುವುದು, ಅದು, ಮತ್ತೆ ಸಿಗುವುದೆಲ್ಲಿ — ಎಲ್ಲರೂ ಎದ್ದು ನಿಂತಿದ್ದಾರೆ, ಹಂಸಾ ಕೈಮುಗಿಯಲೂ ಇಲ್ಲ, ಬರೆದದ್ದು ಅಳಿಸಿಹೋಗದಿರಲೆಂದು ಅಂಗೈ ಬಿಚ್ಚಿ ಹಿಡಿದು ನಿಂತಿದ್ದಾಳೆ, ಆ ಅಂಗೈ, ಇನ್ನೂ ಒಣಗದ ನೀಲಿ ಶಾಯಿ, ಆ ಅಂಗೈ —