ಅಣ್ಣನ ಪಾತ್ರಕ್ಕೆ ಬಹುಮಾನ

ಬಸ್ಸಿನಲ್ಲಿ ಎದುರು ಸೀಟಿನ ಹೆಂಗಸು ಮೊಬೈಲಿನಲ್ಲಿ ಧಾರಾವಾಹಿ ನೋಡುತ್ತ ಮೂಗು ಒರೆಸಿಕೊಳ್ಳುತ್ತಿದ್ದಾಳೆ, ಅದರೊಳಗೆ ಯಾರದೋ ಸೊಸೆ ಅಳುತ್ತಿದ್ದಾಳೆ, ಅದಕ್ಕೆ ಇವಳೂ — ಅಳವ್ವ, ಅಳು, ಮೋಟೆಬೆನ್ನೂರಲ್ಲಿ ಇಳಿದು ಮನೆಗೆ ಹೋದ ಮೇಲೆ ನಿನ್ನ ಸೊಸೆಗೆ ಬಯ್ಯುವುದು ಇದ್ದೇ ಇದೆ, ಜನ ಅಳುವುದನ್ನು ಸ್ಟೇಜಿನ ಮೇಲಿಂದ ನೋಡಿ ನೋಡಿ ಸಾಕಾಗಿದೆ ನನಗೆ, ನಿನ್ನೆ ಕರ್ಜಗಿಯಲ್ಲೂ ಅತ್ತರಲ್ಲ, ಜಮೀರಣ್ಣನೂ ಅತ್ತನಲ್ಲ, ನನ್ನ ಒಡಹುಟ್ಟಿದವನು, ತಂಗಿ ನಾಟಕದವಳಾದಳು ಅಂತ ನನಗೆ ಹೊಸ್ತಿಲು ತುಳಿಯಗೊಡದವನು, ಮುಂದೆಯೇ ಕೂತು ದಸ್ತಿಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಹ್ಯಾಂಡ್‌ಬಿಲ್ಲಿನಲ್ಲಿ ಪುಷ್ಪಲತಾ ಅಂತ ಇದ್ದರೇನು, ಅವನಿಗೆ ಈ ಜುಬೇದಾಳ ಗುರುತು ಸಿಗದೇ? ಕರ್ಜಗಿಯವರು ಪಾತ್ರಕ್ಕೆ ಕರೆದಾಗ ಒಲ್ಲೆ ಅನ್ನಬಹುದಿತ್ತು, ಅನ್ನಲಿಲ್ಲ, ಅವನಿರುವ ಊರು, ಅವನ ಮನೆಯಲ್ಲಿ ಅಮ್ಮ ಹಾಸಿಗೆ ಹಿಡಿದಿದ್ದಾಳೆ, ಒಂದು ಸಲ ಮುಖ ನೋಡಬೇಕು, ನಾಟಕ ನೋಡಿಯಾದರೂ ಅವನ ಮನಸ್ಸು ಕರಗೀತು — ಎಂಥ ಹುಚ್ಚಿ ನಾನು, ಊರೂರಿಗೆ ಮಾರುವ ಸರಕನ್ನು ನಾನೇ ನಂಬಿಬಿಟ್ಟೆ. ಬರೆಯುವವರಿಗೇನು, ನಾಟಕವಾಗಲಿ, ಸಿನಿಮಾ ಆಗಲಿ, ಕಾದಂಬರಿಯಾಗಲಿ, ಕೊನೆಗೆ ಅಣ್ಣ ಬಾಗಿಲು ತೆರೆಯಲೇಬೇಕು, ತೆರೆಯದಿದ್ದರೆ ಜನ ಕುರ್ಚಿ ಮುರಿಯುತ್ತಾರೆ, ತೆರೆದರೆ ಚಪ್ಪಾಳೆ ಹೊಡೆದು ಮನೆಗೆ ಹೋಗಿ ತಮ್ಮ ತಮ್ಮ ಬಾಗಿಲು ಭದ್ರ ಮಾಡಿಕೊಳ್ಳುತ್ತಾರೆ.

ನಿನ್ನೆಯದೂ ಅದೇ ಕೊನೆಯ ದೃಶ್ಯ, ಅಣ್ಣನ ಪಾತ್ರದಲ್ಲಿ ಗೊಬ್ಬರದ ಅಂಗಡಿ ಶಂಭುಲಿಂಗ, ತಂಗಿಯಾಗಿ ನಾನು ಅವನ ಕಾಲು ಹಿಡಿದಿದ್ದೇನೆ, ಅವನು ಬಾಯಿ ತೆರೆದ, ಮಾತು ಮರೆತೇ ಹೋಗಿದೆ, ಹಳ್ಳಿಯ ಗಂಡಸರ ಜೊತೆ ಪಾತ್ರ ಮಾಡುವವರು ಅವರ ಮಾತನ್ನೂ ಬಾಯಿಪಾಠ ಮಾಡಿರಬೇಕು, ಸೆರಗಿನ ಮರೆಯಲ್ಲಿ ನಾನೇ ಉಸುರಿದೆ, ಏಳು ತಂಗಿ, ಈ ಮನಿ ನಿಂದು, ಅವ್ವ ನಿನ್ನ ದಾರಿ ನೋಡಾಕತ್ತಾಳ — ನನಗೆ ಯಾರೂ ಅನ್ನದ ಮಾತನ್ನು ನಾನೇ ಹೇಳಿಕೊಟ್ಟು ಅನ್ನಿಸಿಕೊಂಡೆ, ಶಂಭುಲಿಂಗ ಮೈಕಿಗೆ ಬಾಯಿ ಹಚ್ಚಿ ಕೂಗಿದ, ಏಳು ತಂಗಿ, ಈ ಮನಿ ನಿಂದು, ಅಷ್ಟರಲ್ಲಿ ಜಮೀರಣ್ಣ ಎದ್ದ, ಮೆಟ್ಟಿಲು ಹತ್ತಿದ, ಬಂದ, ಬಂದೇಬಿಟ್ಟ, ನಾನು ಹಿಡಿದ ಕಾಲು ಬಿಟ್ಟು ಮುಖ ಎತ್ತಿದೆ, ಅವನು ಶಂಭುಲಿಂಗನನ್ನು ತಬ್ಬಿಕೊಂಡ. ಅಣ್ಣ ಅಂದ್ರ ಹಿಂಗಿರಬೇಕ್ರಿ, ಅಣ್ಣನ ಪಾತ್ರಕ್ಕ ನನ್ನ ಕಡಿಂದ ಸಣ್ಣ ಬಹುಮಾನ. ಶಂಭುಲಿಂಗನ ಅಂಗಿಗೆ ನೋಟು ಇಟ್ಟು ಪಿನ್ನು ಹಾಕಿದ, ಎದೆಗೆ ಚುಚ್ಚದ ಹಾಗೆ ಅಂಗಿಯ ಒಳಗೆ ತನ್ನ ಬೆರಳು ಅಡ್ಡ ಇಟ್ಟು — ಬ್ಯಾಡಗಿಯಲ್ಲಿ ಇದ್ದಾಗ, ನಾನು ಶಾಲೆಗೆ ಹೊರಟರೆ ನನ್ನ ಓಢಣಿಗೆ ಹೀಗೇ ಪಿನ್ನು ಹಾಕುತ್ತಿದ್ದ, ಒಳಗೆ ಬೆರಳಿಟ್ಟು, ಒಮ್ಮೆ ಅವನಿಗೇ ಚುಚ್ಚಿ ರಕ್ತ ಬಂತು, ಏನೂ ಆಗಿಲ್ಲ ನಡಿ ಅಂದ — ನಿನ್ನೆ ಮಾತ್ರ ನನ್ನ ಸೆರಗು ತನ್ನ ಕಾಲಿಗೆ ತಾಗೀತು ಅಂತ ಸುತ್ತು ಹಾಕಿ ಇಳಿದುಹೋದ.

ಆದರೂ ಬೆಳಿಗ್ಗೆ ಬಣ್ಣ ತೊಳೆದುಕೊಂಡು ಅವನ ಮನೆಗೆ ಹೋದೆ, ನಾಚಿಕೆ ಇಲ್ಲದವಳು, ಬಾಗಿಲು ಅವನೇ ತೆಗೆದ, ಅತ್ತ ಕಣ್ಣು ಇನ್ನೂ ಊದಿಕೊಂಡಿತ್ತು, ಅಮ್ಮನನ್ನು ಒಂದು ಸಲ ನೋಡಿ ಹೋಗುತ್ತೇನೆ ಅಂದೆ, ನಮ್ಮ ಮನೆಯ ಉರ್ದುವಿನಲ್ಲಿ, ಒಳಗೆ ಅಮ್ಮ ಕೆಮ್ಮಿದಳು, ಕೌನ್ ರೇ ಜಮೀರ್, ಅವನು ನನ್ನನ್ನು ನೋಡಿದ, ತನ್ನ ಅಂಗಡಿಗೆ ಬಂದ ಗಿರಾಕಿಯೊಡನೆ ಆಡುವ ಕನ್ನಡದಲ್ಲಿ ಹೇಳಿದ, ನಾಟಕ ಭಾಳ ಚೊಲೋ ಆತ್ರಿ, ಶಂಭುಲಿಂಗಪ್ಪ ಅಳಿಸಿಬಿಟ್ಟ. ಬಾಗಿಲು ಹಾಕಿದ. ಹೌದಪ್ಪ, ಶಂಭುಲಿಂಗಪ್ಪ ಅಳಿಸಿಬಿಟ್ಟ, ಕೌನ್ ರೇ ಅಂದ ಅಮ್ಮನಿಗೆ ಏನು ಹೇಳಿದೆಯೋ, ಯಾರೂ ಇಲ್ಲ ಅಂದಿರಬೇಕು — ಮೋಟೆಬೆನ್ನೂರು ಬಂತು, ಹೆಂಗಸು ಕಣ್ಣೊರೆಸಿಕೊಂಡು ಇಳಿದಳು, ರಾಣೆಬೆನ್ನೂರಿನಲ್ಲಿ ನಾನೂ ಇಳಿಯಬೇಕು, ನಾಳೆ ಇನ್ನೊಂದು ಊರು, ಇನ್ನೊಬ್ಬ ಅಣ್ಣ, ಏಳು ತಂಗಿ, ಏನೂ ಆಗಿಲ್ಲ ನಡಿ, ಅಂಗಿಯ ಒಳಗೆ ಬೆರಳು, ಶಂಭುಲಿಂಗನಿಗೆ ಚುಚ್ಚದ ಹಾಗೆ, ಅಂಗಿಯ ಒಳಗೆ ಆ ಬೆರಳು