ಕೊನೆಯ ಚರಣಕ್ಕೆ ಮೊದಲು

ಮಗಳು ಸ್ಪೀಕರಿನ ವೈರನ್ನು ಗೋಡೆಯಿಂದ ಕಿತ್ತಾಗ ಅವಳಮ್ಮನ ದನಿ ಅರ್ಧ ಸಾಲಿನಲ್ಲಿ ಪಟ್ಟನೆ ನಿಂತಿತು. ದಹನಗೃಹದ ಸಭಾಂಗಣದಲ್ಲಿ ಕೂತಿದ್ದವರೆಲ್ಲ ತಿರುಗಿ ನೋಡಿದರು. ಎದುರಿಗೆ ಉಕ್ಕಿನ ಬಾಗಿಲ ಮುಂದೆ, ಉರುಳೆಗಳ ಮೇಲಿಟ್ಟ ಪೆಟ್ಟಿಗೆಯಲ್ಲಿ ಆ ದನಿಯ ಗಾಯಕಿ ಮಲಗಿದ್ದಳು.

"ಏನೇ ಇದು?" ಸೋದರಮಾವ ಓಡಿಬಂದ. ಲಾರಿ ಗ್ಯಾರೇಜಿನವನು. ಎಷ್ಟು ತೊಳೆದರೂ ಉಗುರಿನ ಗ್ರೀಸು ಹೋಗಿರಲಿಲ್ಲ. "ಮುಂದಿನ ಹಾಡಿಗೇ ತಾನೇ ಇಷ್ಟು ಜನ ಕಾಯ್ತಿರೋದು?"

"ಆ ಹಾಡು ಬೇಡ ಮಾವ."

"ಅಕ್ಕ ಅಂದ್ರೆ ಜನಕ್ಕೆ ನೆನಪಾಗೋದೇ ಅದು. ಅದಿಲ್ದೆ ಕಳಿಸ್ತೀಯಾ?"

"ಬೇರೆ ಯಾವುದಾದ್ರೂ ಹಾಕಿ. ಇವತ್ತೊಂದಿನ ಆ ಹಾಡಿಗೆ ಯಾರೂ ಚಪ್ಪಾಳೆ ತಟ್ಟಬಾರದು."

ಮಾವನಿಗೆ ತಲೆಬುಡ ತಿಳಿಯಲಿಲ್ಲ. ಸ್ಪೀಕರಿನ ಪಕ್ಕ ನಿಂತಿದ್ದ, ಆ ಹಾಡನ್ನು ಮುದ್ರಿಸಿಕೊಂಡಿದ್ದ ಮುದಿ ಧ್ವನಿಮುದ್ರಕನಿಗೆ ತಿಳಿಯಿತು, ತಲೆ ತಗ್ಗಿಸಿದ. ಹಿಂದಿನ ಸಾಲಿನಲ್ಲಿ ಒಬ್ಬನೇ ಕೂತಿದ್ದ ಇನ್ನೊಬ್ಬ ಮುದುಕನಿಗೂ ತಿಳಿಯಿತು. ಅವನು ಮಗಳ ಅಪ್ಪ, ಆ ಹಾಡಿದ್ದ ಆಲ್ಬಮ್ಮಿನ ಡ್ರಮ್ಮರ್. ಯಾರೂ ಹೇಳಿಕಳಿಸದಿದ್ದರೂ ಬಂದಿದ್ದ.

*

ಗಾಯಕಿ ಇಪ್ಪತ್ತು ವರ್ಷ ಹೋಟೆಲಿನ ಬಾರಿನಲ್ಲಿ ಜಾಝ್ ಹಾಡಿದಳು. ಕುಡಿಯುವವರ ಮುಂದೆ ಹಾಡುವುದೆಂದರೆ ಗೋರ್ಕಲ್ಲ ಮೇಲೆ ಮಳೆ ಸುರಿದಂತೆ. ಆಮೇಲೊಂದು ಆಲ್ಬಮ್ ಮಾಡಿದಳು. ಅದರಲ್ಲಿ ಅವಳ ಸ್ವಂತ ಹಾಡು ಒಂದೂ ಇಲ್ಲ. ಅರ್ಧ ಹಳೆಯ ಜಾಝ್ ಹಾಡುಗಳು, ಅರ್ಧ ಬಸ್ಸಿನಲ್ಲೂ ಕ್ಷೌರದಂಗಡಿಯಲ್ಲೂ ಎಲ್ಲರೂ ಗುನುಗುವಂಥವು. ಓಡುವ ಹಾಡನ್ನು ಅವಳು ನಡೆಸಿದಳು. ಕುಣಿತದ ಹಾಡನ್ನು ಮಗುವನ್ನು ಮಲಗಿಸುವ ಹಾಗೆ ಹಾಡಿದಳು. ಯಾಕೆಂದು ಕೇಳಿದವರಿಗೆ, "ಹಾಡು ಎಲ್ಲಾರ್ದು, ನಿಲ್ಲೋ ಜಾಗ ನಂದು," ಎನ್ನುತ್ತಿದ್ದಳು.

ಡ್ರಮ್ಮಿನ ಮೇಲೆ ಗಂಡನ ಕೈ ಬೆಣ್ಣೆ. ತಂತಿಯ ಬ್ರಶ್ಶು ಆಡಿಸಿದರೆ ಅಕ್ಕಿ ಕೇರಿದಷ್ಟೇ ಸದ್ದು. ಮನೆಯಲ್ಲಿ ಅದೇ ಕೈಯಿಂದ ಬೆಲ್ಟು, ಚಪ್ಪಲಿ, ಕುಕ್ಕರಿನ ಮುಚ್ಚಳ, ಸಿಕ್ಕಿದ್ದರಲ್ಲಿ ಚಚ್ಚುತ್ತಿದ್ದ. ಒಮ್ಮೆ ಪಕ್ಕೆಲುಬು ಮುರಿಯಿತು. ಅವಳು ಆ ಸಂಜೆಯೂ ಹಾಡಿದಳು, ಉದ್ದ ಸಾಲುಗಳನ್ನು ಬಿಟ್ಟು. ಮುಖಕ್ಕೆ ಮಾತ್ರ ಹೊಡೆಯುತ್ತಿರಲಿಲ್ಲ. ಮುಖ ಸಂಜೆ ಸ್ಟೇಜಿಗೆ ಹೋಗಬೇಕಲ್ಲ, ಮಹಾರಾಯನಿಗೆ ಅಷ್ಟು ಬುದ್ಧಿ ಇತ್ತು. ತವರಿನವರಿಗೆ ಇದರ ಗಾಳಿಯೂ ಸೋಕಲಿಲ್ಲ.

ಆಲ್ಬಮ್ಮಿಗೆ ಎಲ್ಲರೂ ಒಂದೇ ಕೋಣೆಯಲ್ಲಿ ನಿಂತು ಒಟ್ಟಿಗೆ ನುಡಿಸಿದರು. ಹಾಗೆಯೇ ಆಗಬೇಕೆಂದು ಅವಳದೇ ಹಟ. ಎಲ್ಲರ ಸದ್ದೂ ಎಲ್ಲರ ಮೈಕಿನೊಳಗೆ ಹೊಕ್ಕು ಕೂರುತ್ತದೆ. ಆಮೇಲೆ ಒಂದನ್ನು ಅಳಿಸಿ ಇನ್ನೊಂದನ್ನು ಉಳಿಸಿಕೊಳ್ಳಲು ಬರುವುದಿಲ್ಲ. ಕೊನೆಗೆ ಉಳಿದದ್ದು ಒಂದು ಹಳೆಯ ಪ್ರೇಮಗೀತೆ. ಕೊನೆಯ ಚರಣಕ್ಕೆ ಮೊದಲು ವಾದ್ಯಗಳೆಲ್ಲ ನಿಲ್ಲಬೇಕು, ಅವಳು ಬಾಯಿ ತೆರೆದ ಮೇಲೆ ಮತ್ತೆ ಶುರುವಾಗಬೇಕು. ಅವಳು ಬಾಯಿ ತೆರೆಯಲೇ ಇಲ್ಲ. ಕಣ್ಣು ಮುಚ್ಚಿಕೊಂಡು ನಿಂತಳು. ಬೇಸ್ ನುಡಿಸುವವನು ಉಸಿರು ಬಿಗಿಹಿಡಿದ. ಗಾಜಿನಾಚೆ ಧ್ವನಿಮುದ್ರಕನ ಪಕ್ಕ ಕೂತಿದ್ದ ಮಗಳಿಗೆ ಅಪ್ಪನ ದವಡೆ ಬಿಗಿಯುವುದು ಕಂಡಿತು. ಅವನು ಎದ್ದ. ಸಿಂಬಲ್ ತಟ್ಟೆಯ ಮೇಲಿಂದ ಬಗ್ಗಿ, ಅಂಗೈ ಬಿಚ್ಚಿ, ಅವಳ ಕೆನ್ನೆಗೆ ಬಾರಿಸಿದ.

ತುಟಿ ಹಲ್ಲಿಗೆ ಸಿಕ್ಕಿ ಹರಿಯಿತು. ಅವಳು ಹಿಂದೆ ಸರಿಯಲಿಲ್ಲ. ಬಾಯಲ್ಲಿ ರಕ್ತ ಇಟ್ಟುಕೊಂಡೇ ಕೊನೆಯ ಚರಣ ಎತ್ತಿಕೊಂಡಳು. ಉಳಿದವರು ಬೇರೇನೂ ತೋಚದೆ ನುಡಿಸಿದರು, ಅವನೂ ಕೂತು ನುಡಿಸಿದ.

"ಇನ್ನೊಂದ್ಸಲ ತಗೊಳ್ಳೋಣ್ವಾ ಅಮ್ಮಾ?" ಧ್ವನಿಮುದ್ರಕ ಕೇಳಿದ.

"ಬೇಡ. ಇನ್ನೊಂದ್ಸಲ ನನ್ ಕೈಲಾಗಲ್ಲ."

ಆಲ್ಬಮ್ಮಿನಲ್ಲಿ ಆ ಏಟು ಡ್ರಮ್ಮಿನ ಪೆಟ್ಟಿನ ಹಾಗೆಯೇ ಕೇಳಿಸುತ್ತದೆ. ಜನ ಮರುಳಾಗಿಬಿಟ್ಟರು. ಆ ಹೆಸರಿನ ಬಲದಲ್ಲಿ ಅವಳು ಮಗಳನ್ನು ಕರೆದುಕೊಂಡು ಗಂಡನನ್ನು ಬಿಟ್ಟು ಬಂದಳು, ಆದರೆ ಏಟು ಬೆನ್ನುಬಿಡಲಿಲ್ಲ. ಹೊಸ ಡ್ರಮ್ಮರುಗಳು ಅದನ್ನು ಮನೆಯಲ್ಲಿ ಅಭ್ಯಾಸ ಮಾಡಿಕೊಂಡು ಬಂದರು. ಊರೂರಿನ ಸಭೆಗಳಲ್ಲಿ ಆ ಜಾಗ ಬಂದಾಗ ಜನ ಒಟ್ಟಿಗೆ ಒಂದೇ ಒಂದು ಚಪ್ಪಾಳೆ ಹೊಡೆಯುತ್ತಿದ್ದರು. ಅವಳು ನಗುತ್ತಿದ್ದಳು. ಆ ಚಪ್ಪಾಳೆಗೆ ಸ್ವಲ್ಪ ಮುಂಚೆ ಅವಳ ಎಡಗಣ್ಣು ತಾನೇ ಮುಚ್ಚಿಕೊಳ್ಳುತ್ತಿತ್ತು. ಪರದೆಯ ಪಕ್ಕ ನಿಂತ ಮಗಳಿಗೆ ಮಾತ್ರ ಅದು ಕಾಣುತ್ತಿತ್ತು.

*

"ಅದು ಡ್ರಮ್ಮಲ್ಲ ಮಾವ," ಎಂದಳು ಮಗಳು. "ಅಪ್ಪ ಅಮ್ಮನ ಕೆನ್ನೆಗೆ ಹೊಡೆದಿದ್ದು."

ಮೆಲ್ಲಗೆ ಹೇಳಿದ್ದರೂ ಎದುರಿನ ಸಾಲುಗಳಿಗೆ ಕೇಳಿಸಿತು. ಅಲ್ಲಿಂದ ಪಿಸುಮಾತು ಹಿಂದಿನವರೆಗೂ ಹೋಯಿತು. ಮಾವ ಧ್ವನಿಮುದ್ರಕನತ್ತ ತಿರುಗಿದ.

"ನೀನು ಅಲ್ಲೇ ಇದ್ಯಲ್ಲ. ನಿಜಾನಾ?"

"ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತ ಸುಮ್ಮನಾದೆ ಕಣಪ್ಪ."

"ಮಲಗಿದಾಳೆ ನೋಡು ಅಲ್ಲಿ," ಎಂದ ಮಾವ.

ಆಮೇಲೆ ಯಾರಿಗೂ ಅವನನ್ನು ಹಿಡಿಯಲಾಗಲಿಲ್ಲ. ಕುರ್ಚಿಗಳನ್ನು ಒದ್ದುಕೊಂಡು ಹಿಂದಿನ ಸಾಲಿಗೆ ನುಗ್ಗಿ, ಭಾವನ ಕೊರಳಪಟ್ಟಿ ಹಿಡಿದೆತ್ತಿ, ಮೂಗಿಗೆ ಗುದ್ದಿದ. ಮೂಗು ಮುರಿದದ್ದು ಎಲ್ಲರಿಗೂ ಕೇಳಿಸಿತು.

"ನಾನೂ ಚಪ್ಪಾಳೆ ತಟ್ಟಿದೀನಲ್ಲೋ ಬೋಳಿಮಗನೆ. ಪ್ರತಿಸಲ ಎದ್ದು ನಿಂತು ತಟ್ಟಿದೀನಿ. ನನ್ನಕ್ಕ ನನ್ನನ್ನೇ ನೋಡ್ತಾ ನಗ್ತಿದ್ಲು."

ಮುದುಕ ಕೈ ಅಡ್ಡ ತರಲಿಲ್ಲ. "ಕಾಯಿಸ್ತಿದ್ಲು," ಎಂದ, ರಕ್ತ ನುಂಗುತ್ತ. "ಅಷ್ಟೊತ್ತು ಯಾರಾದ್ರೂ ಕಾಯಿಸ್ತಾರಾ?"

ಮಾವ ಮತ್ತೆ ಗುದ್ದಿದ. ಬಿದ್ದವನ ಹೊಟ್ಟೆಗೆ ಒದ್ದ. ನಾಲ್ಕು ಜನ ಸೇರಿ ಎಳೆದರು. ಗೋಡೆಗೆ ಹಣೆಯಿಟ್ಟು ಮಾವ ಮಕ್ಕಳ ಹಾಗೆ ಅತ್ತುಬಿಟ್ಟ.

ದಹನಗೃಹದ ನೌಕರ ಬಾಗಿಲ ಬಳಿ ಬಂದು ಕೆಮ್ಮಿದ. "ಹೊರಗೆ ಇನ್ನೊಂದು ಹೆಣ ಬಂದಿದೆ. ಇವರನ್ನ ಒಳಗೆ ತಗೊಳ್ಲಾ?"

ಮಗಳು ಪೆಟ್ಟಿಗೆಯತ್ತ ನೋಡಿದಳು. ಅಮ್ಮನನ್ನು ಹೀಗೆ ಹೊಡೆದಾಟದ ನಡುವೆ ಕಳಿಸುವುದೇ? ಆಗ ಅವಳಿಗೆ ಹೊಳೆಯಿತು: ರೆಕಾರ್ಡಿನಿಂದ ಆ ಏಟನ್ನು ಅಳಿಸಲಾಗದು, ಆದರೆ ಬಾಯಲ್ಲಿ ಹಾಡಿದರೆ ಅದು ಇರಲೇಬೇಕೆಂದೇನೂ ಇಲ್ಲ. ಅವಳ ಗಂಟಲು ಗೊಗ್ಗರು, ಶಾಲೆಯಲ್ಲೂ ಹಾಡಿದವಳಲ್ಲ. ಹಿಂದಿನ ಸಾಲಿಗೆ ಹೋಗಿ, ಅಪ್ಪನನ್ನು ತೋಳು ಹಿಡಿದು ಕುರ್ಚಿಗೆ ಕೂರಿಸಿ, ಪಕ್ಕದಲ್ಲಿ ತಾನೂ ಕೂತು, ಅವನ ಬಲ ಮಣಿಕಟ್ಟನ್ನು ಎರಡೂ ಕೈಗಳಿಂದ ಕುರ್ಚಿಯ ತೋಳಿಗೆ ಅದುಮಿ ಹಿಡಿದು, ಆ ಪ್ರೇಮಗೀತೆಯನ್ನು ಶುರುಮಾಡಿದಳು.

ಮೊದಲ ಸಾಲು ಅಪಸ್ವರ. ಎರಡನೆಯದಕ್ಕೆ, ಆಲ್ಬಮ್ಮಿನಲ್ಲಿ ಬೇಸ್ ನುಡಿಸಿದ್ದವನು, ಈಗ ಮುದುಕ, ಸೇರಿಕೊಂಡ. ಆಮೇಲೆ ಸಭಾಂಗಣವೇ ಸೇರಿತು, ಯಾರಿಗೆ ಬರುವುದಿಲ್ಲ ಆ ಹಾಡು. ಮಾವ ಮೂಗು ಒರೆಸಿಕೊಳ್ಳುತ್ತ ಹಾಡಿದ.

ಕೊನೆಯ ಚರಣಕ್ಕೆ ಮೊದಲು ಎಲ್ಲರೂ ನಿಂತರು. ಅಭ್ಯಾಸಬಲದಿಂದ ಕೆಲವರ ಕೈ ಮೇಲೆದ್ದಿತು, ಹಾಗೆಯೇ ಇಳಿಯಿತು. ಅವಳ ಹಿಡಿತದೊಳಗೆ ಅಪ್ಪನ ಕೈ ಹಾರಿತು. ಅವಳು ಉಗುರು ಊರಿ ಮಣಿಕಟ್ಟನ್ನು ತಿರುಚಿದಳು. ಅವನ ಬಾಯಿ ತೆರೆದುಕೊಂಡಿತು, ಸದ್ದು ಬರಲಿಲ್ಲ.

ನೌಕರ ಪೆಟ್ಟಿಗೆಯನ್ನು ನೂಕಿದ. ಉರುಳೆಗಳು ಒಂದೊಂದಾಗಿ ತಿರುಗಿದವು. ಬಾಗಿಲು ಮೇಲೆದ್ದಿತು, ಬಿಸಿಗಾಳಿ ಮುಖಕ್ಕೆ ಬಡಿಯಿತು, ಬಾಗಿಲು ಇಳಿಯಿತು. ಆಗಲೂ ಯಾರೂ ಕೊನೆಯ ಚರಣ ಎತ್ತಿಕೊಳ್ಳಲಿಲ್ಲ. ಅಪ್ಪನ ಮೂಗಿನ ರಕ್ತ ಮಗಳ ಬೆರಳುಗಳ ಮೇಲೆ ಹನಿಯುತ್ತಿತ್ತು, ಅವಳು ಕೈ ಸಡಿಲಿಸದೆ ಕೂತಿದ್ದಳು.